ತಿಂದರೂ ಕೊಟ್ಟರಲ್ಲ: ಮಗಳಿಗೊಂದು ಪತ್ರ

ಪಾಂಡವಪುರ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ನಡುಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ರಾಜಕಾರಣಿಯೊಬ್ಬರ ಪಟ ತೂಗುವುದನ್ನು ಕಂಡು ನೀನು ಕೇಳಿದ ಪ್ರಶ್ನೆ ನೆಂಟರ ಮನೆಗಳನ್ನೆಲ್ಲ ಸುತ್ತಿ ನನಗೂ ತಲುಪಿದೆ. ‘ದುಡ್ಡು ಹೊಡೆದವರೆಂದು ಗೊತ್ತಿದ್ದೂ ಜನ ಯಾಕೆ ಕೈ ಮುಗಿಯುತ್ತಾರೆ, ಇವರಿಗೆಲ್ಲ ಬುದ್ಧಿ ಇಲ್ಲವೇ?’ ಮೊದಲರ್ಧ ಒಳ್ಳೆಯ ಪ್ರಶ್ನೆ. ಎರಡನೆಯದನ್ನು ಕಾನೂನು ಓದುವ ಹುಡುಗಿ ಕೇಳಬಾರದು. ಗಂಡ ಹೋದ ಮೇಲೆ ಕಬ್ಬಿನ ಗದ್ದೆಯನ್ನೂ ಸೊಸೈಟಿಯ ಸಾಲವನ್ನೂ ಇಬ್ಬರು ಗಂಡುಮಕ್ಕಳನ್ನೂ ಒಬ್ಬಳೇ ನಿಭಾಯಿಸಿದವಳು ದೊಡ್ಡಮ್ಮ. ಅವಳ ಲೆಕ್ಕ ನಿನ್ನ ಲೆಕ್ಕಕ್ಕಿಂತ ಬೇರೆ, ಅಷ್ಟೇ.

ನಮ್ಮ ಜಿಲ್ಲೆಯವರ ಹೆಸರೆತ್ತಿದರೆ ನೀವಿಬ್ಬರೂ ಮತ್ತೆ ಜಗಳಕ್ಕೆ ನಿಲ್ಲುತ್ತೀರಿ. ಹಾಗಾಗಿ ನಾವ್ಯಾರೂ ಮತ ಹಾಕಿರದ, ಆದರೆ ನಮ್ಮ ಮೇಲುಕೋಟೆಯಲ್ಲೇ 1948ರಲ್ಲಿ ಹುಟ್ಟಿ ತಮಿಳುನಾಡಿನ ಮುಖ್ಯಮಂತ್ರಿಯಾದ ಜಯಲಲಿತಾ ಅವರನ್ನು ತೆಗೆದುಕೊಳ್ಳೋಣ. ಕಾವೇರಿ ಗಲಾಟೆಯ ವರ್ಷಗಳಲ್ಲಿ ಮಂಡ್ಯದ ರಸ್ತೆಯಲ್ಲಿ ಅವರ ಪ್ರತಿಕೃತಿ ಸುಟ್ಟವರೇ ಸಂಜೆ ಟೀ ಅಂಗಡಿಯಲ್ಲಿ ಕುಳಿತು, ‘ಏನೇ ಅನ್ನಿ, ತನ್ನ ಜನಕ್ಕೆ ನೀರು ಬೇಕು ಎಂದರೆ ಹಟ ಹಿಡಿದು ಕೂರುತ್ತಾರೆ, ನಮ್ಮಲ್ಲಿ ಅಂಥವರು ಯಾರಿದ್ದಾರೆ’ ಎನ್ನುತ್ತಿದ್ದುದನ್ನು ನಾನೇ ಕೇಳಿದ್ದೇನೆ. 1993ರಲ್ಲಿ ಮುಖ್ಯಮಂತ್ರಿಯಾಗಿದ್ದಾಗಲೇ ಅವರು ಕಾವೇರಿ ನೀರಿಗಾಗಿ ಚೆನ್ನೈನ ಮರೀನಾ ಕಡಲತೀರದಲ್ಲಿ ಉಪವಾಸ ಕುಳಿತಿದ್ದರು. ಬೈಯುವ ಬಾಯಲ್ಲೇ ಅಸೂಯೆಯೂ ಇತ್ತು.

ಅವರ ಮೇಲಿನ ಮೊಕದ್ದಮೆ ನಿನಗೆ ಗೊತ್ತಿರುತ್ತದೆ. 1991ರಿಂದ 1996ರವರೆಗೆ ಮುಖ್ಯಮಂತ್ರಿಯಾಗಿದ್ದಾಗ ತಿಂಗಳಿಗೆ ಒಂದು ರೂಪಾಯಿ ಸಂಬಳ ಪಡೆದರು. ಅದೇ ಅವಧಿಯಲ್ಲಿ ಆದಾಯ ಮೀರಿ ₹66 ಕೋಟಿಗೂ ಹೆಚ್ಚು ಆಸ್ತಿ ಮಾಡಿದರೆಂಬುದು ಆರೋಪ. ತಮಿಳುನಾಡಿನಲ್ಲಿ ನ್ಯಾಯಯುತ ವಿಚಾರಣೆ ಆಗಲಾರದು ಎಂದು ಸುಪ್ರೀಂ ಕೋರ್ಟ್ 2003ರಲ್ಲಿ ಪ್ರಕರಣವನ್ನು ಬೆಂಗಳೂರಿಗೆ ಕಳುಹಿಸಿತು. 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಲಯ ನಾಲ್ಕು ವರ್ಷ ಸಜೆ, ₹100 ಕೋಟಿ ದಂಡ ವಿಧಿಸಿತು. ಅವರು ಪರಪ್ಪನ ಅಗ್ರಹಾರಕ್ಕೆ ಹೋದರು, ಹೊರಗೆ ಜನ ಎದೆ ಬಡಿದುಕೊಂಡು ಅತ್ತರು.

ಮರುವರ್ಷ ಮೇ ತಿಂಗಳಲ್ಲಿ ಹೈಕೋರ್ಟ್ ಖುಲಾಸೆ ಮಾಡಿತು. ಲೆಕ್ಕದ ಮೇಷ್ಟರಾಗಿದ್ದ ನನಗೆ ಆ ತೀರ್ಪಿನ ಮೇಲೆ ಈಗಲೂ ಕಣ್ಣು. ಸಾಲಗಳ ಒಂದು ಪಟ್ಟಿಯನ್ನು ಕೂಡಿದಾಗ ಸುಮಾರು ₹10.67 ಕೋಟಿ ಬರಬೇಕಿತ್ತು; ತೀರ್ಪಿನಲ್ಲಿ ₹24.17 ಕೋಟಿ ಎಂದಿತ್ತು. ಆ ಮೊತ್ತವನ್ನು ಹಿಡಿದು ನೋಡಿದಾಗ ಆದಾಯ ಮೀರಿದ ಆಸ್ತಿ ಶೇ 8.12ಕ್ಕೆ ಇಳಿಯಿತು, ಶೇ 10ರ ಒಳಗಿದ್ದರೆ ಅಪರಾಧವಲ್ಲ ಎಂಬ ಆಸರೆಯೂ ಸಿಕ್ಕಿತು. ಏಳನೇ ತರಗತಿಯ ಹುಡುಗ ಹೀಗೆ ಕೂಡಿದ್ದರೆ ನಾನು ಪುಸ್ತಕದ ಮೇಲೆ ಕೆಂಪು ಗೀಟು ಹಾಕಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. 2017ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೆಳ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟು ಹೊತ್ತಿಗೆ ಅವರು ತೀರಿಕೊಂಡು ಎರಡು ತಿಂಗಳು ಕಳೆದಿದ್ದವು. ಅವರ ವಿರುದ್ಧದ ಮೇಲ್ಮನವಿ ಅಲ್ಲಿಗೇ ನಿಂತಿತು, ಉಳಿದ ಮೂವರು ಜೈಲಿಗೆ ಹೋದರು.

ಈಗ ಜನ ಏನು ಮಾಡಿದರು ನೋಡು. ಖುಲಾಸೆಯಾದ ಮರುತಿಂಗಳೇ ಚೆನ್ನೈನ ಆರ್.ಕೆ. ನಗರದ ಉಪಚುನಾವಣೆಯಲ್ಲಿ ಒಂದೂವರೆ ಲಕ್ಷ ಮತಗಳ ಅಂತರದಿಂದ ಗೆಲ್ಲಿಸಿದರು. 2016ರಲ್ಲಿ ಸತತ ಎರಡನೇ ಸಲ ಸರ್ಕಾರ ಕೊಟ್ಟರು, ಎಂ.ಜಿ.ಆರ್. ಕಾಲದ ನಂತರ ಅಲ್ಲಿ ಹಾಗೆ ಆಗಿರಲಿಲ್ಲ. ಕುರುಡು ಭಕ್ತಿ ಎಂದು ನೀನು ಹೇಳಬಹುದು. ಆದರೆ ಇದೇ ಜನ 1996ರಲ್ಲಿ ಅವರ ಪಕ್ಷವನ್ನು ನಾಲ್ಕು ಸೀಟಿಗೆ ಇಳಿಸಿ, ಬರಗೂರು ಕ್ಷೇತ್ರದಲ್ಲಿ ಅವರನ್ನೇ ಸೋಲಿಸಿದ್ದರಲ್ಲ? ಹಿಂದಿನ ವರ್ಷ ಸಾಕುಮಗನ ಮದುವೆಯನ್ನು ದೇಶವೇ ಬಾಯಿಬಿಟ್ಟು ನೋಡುವಂತೆ ಮಾಡಿದ್ದರು. ಜನ ಆಗ ಕೊಟ್ಟ ಶಿಕ್ಷೆ ಕದ್ದದ್ದಕ್ಕಿಂತ ಹೆಚ್ಚಾಗಿ ಮೆರೆದದ್ದಕ್ಕೆ ಎಂದು ನನ್ನ ಎಣಿಕೆ. ಆಮೇಲಿನ ವರ್ಷಗಳಲ್ಲಿ ಮೆರೆಯುವುದು ಕಡಿಮೆಯಾಯಿತು, ಕೊಡುವುದು ಹೆಚ್ಚಾಯಿತು. ಮಿಕ್ಸಿ, ಗ್ರೈಂಡರ್, 2013ರಿಂದ ಸರ್ಕಾರದ ಅಗ್ಗದ ಕ್ಯಾಂಟೀನಾದ ಅಮ್ಮ ಉಣವಗಂನಲ್ಲಿ ಒಂದು ರೂಪಾಯಿಗೆ ಇಡ್ಲಿ. ದುಡ್ಡು ಸರ್ಕಾರದ್ದು, ಪಟ ಅವರದು. ಕೂಲಿಗೆ ಹೋಗುವ ಹೆಂಗಸಿಗೆ ಆ ₹66 ಕೋಟಿ ತನ್ನದೆಂದು ಎಂದೂ ಅನಿಸಿರಲಿಲ್ಲ, ಅದು ಹೋದದ್ದು ತಿಳಿಯಲೂ ಇಲ್ಲ. ಇಡ್ಲಿ ಮಾತ್ರ ತಟ್ಟೆಗೆ ಬಂತು.

(ನಡುವೆ ಒಂದು ಮಾತು. ಜಪ್ತಿಯಾದ ಸುಮಾರು 27 ಕಿಲೋ ಚಿನ್ನಾಭರಣ ವರ್ಷಗಟ್ಟಲೆ ನಮ್ಮ ರಾಜ್ಯದ ಖಜಾನೆಯಲ್ಲಿತ್ತು, 2025ರ ಫೆಬ್ರುವರಿಯಲ್ಲಿ ತಮಿಳುನಾಡು ಸರ್ಕಾರಕ್ಕೆ ಒಪ್ಪಿಸಿದರು. ಅವರು ಹುಟ್ಟಿದ ಊರಿನ ಚೆಲುವನಾರಾಯಣನ ವಜ್ರಕಿರೀಟ ವೈರಮುಡಿಯೂ ಮಂಡ್ಯದ ಖಜಾನೆಯಲ್ಲೇ ಇರುತ್ತದೆ, ಪೊಲೀಸ್ ಬಂದೋಬಸ್ತಿನಲ್ಲಿ ಬಂದು ಉತ್ಸವ ಮುಗಿಸಿ ವಾಪಸು ಹೋಗುತ್ತದೆ. ನಮ್ಮಲ್ಲಿ ದೇವರ ಒಡವೆಗೂ ಲೆಕ್ಕ ಒಪ್ಪಿಸಬೇಕು!)

ಇನ್ನು ದೊಡ್ಡಮ್ಮನ ವಿಷಯ. ದೊಡ್ಡಪ್ಪ ಹೋದ ಮೇಲೆ ಜಮೀನನ್ನು ಅವಳ ಹೆಸರಿಗೆ ಪೌತಿ ಖಾತೆ ಮಾಡಿಸಬೇಕಿತ್ತು. ಯಾವ ಕಚೇರಿ, ಯಾರು ಎಂದು ಬರೆಯುವುದಿಲ್ಲ. ಒಂದು ದಿನ ವಂಶವೃಕ್ಷದಲ್ಲಿ ತಪ್ಪು, ಇನ್ನೊಂದು ದಿನ ಸಾಹೇಬರು ಮೀಟಿಂಗಿನಲ್ಲಿ, ಮತ್ತೊಂದು ದಿನ ಸರ್ವರ್ ಇಲ್ಲ. ಬಾಗಿಲಲ್ಲಿ ನಿಂತಿದ್ದ ಮಧ್ಯವರ್ತಿ ಮಾತ್ರ ಎಲ್ಲ ದಿನವೂ ಇದ್ದ. ಅವನಿಗೆ ಕೊಟ್ಟಳು, ಆದರೂ ಆಗಲಿಲ್ಲ. ಕೊನೆಗೆ ಆ ಪಟದವರ ಹಿಂಬಾಲಕನೊಬ್ಬ ಇವಳೆದುರಿಗೇ ಫೋನ್ ಮಾಡಿ, ‘ನಮ್ಮವರು, ಮಾಡಿಕೊಡಿ’ ಎಂದ. ಖಾತೆಯಾಯಿತು. ಕಚೇರಿಯಲ್ಲಿ ಕುರ್ಚಿ ಎಳೆದು ಕೂರಿಸಿದರಂತೆ. ಖಾತೆಯ ಕಥೆ ಹೇಳುವಾಗಲೆಲ್ಲ ಅವಳು ಆ ಕುರ್ಚಿಯನ್ನು ಬಿಡುವುದೇ ಇಲ್ಲ. ಅಲ್ಲಿಯವರೆಗೆ ಅವಳನ್ನು ಯಾರೂ ಕೂರಿ ಎಂದಿರಲಿಲ್ಲ.

‘ಅವರೂ ತಿನ್ನುತ್ತಾರಂತಲ್ಲ ಅಕ್ಕ’ ಎಂದರೆ ಅವಳ ಉತ್ತರ ಸಿದ್ಧ: ‘ಎಲ್ಲರೂ ತಿನ್ನುತ್ತಾರೆ. ಇವರು ತಿಂದರೂ ಕೊಟ್ಟರಲ್ಲ.’ ನೀನು ಮೂರ್ಖತನ ಎನ್ನುವುದು ಇದನ್ನೇ. ಸೋತು ಸುಣ್ಣವಾದವಳೊಬ್ಬಳು ಸಿಕ್ಕಷ್ಟರಲ್ಲಿ ಮಾಡಿಕೊಂಡ ವ್ಯಾಪಾರದಂತೆ ನನಗೆ ಕಾಣುತ್ತದೆ.

ಆದರೆ ಅವಳು ನೋಡದ ಒಂದು ಸಂಗತಿ ಇದೆ, ಅದನ್ನು ಅವಳಿಗೂ ಹೇಳಿದ್ದೇನೆ. ಒಂದು ಫೋನಿಗೆ ಆಗುವ ಕೆಲಸ ಫೋನಿಲ್ಲದೆ ಯಾಕೆ ಆಗಲಿಲ್ಲ? ಆ ಗುಮಾಸ್ತನ ವರ್ಗಾವಣೆ ಯಾರ ಕೈಯಲ್ಲಿದೆಯೋ ಅವರ ಮಾತಿಗೆ ಅವನು ಅಲ್ಲಾಡುತ್ತಾನೆ. ಒಳ್ಳೆಯ ಜಾಗ ಬೇಕೆಂದರೆ ಮೇಲೆ ಕೊಡಬೇಕು, ಕೊಟ್ಟದ್ದನ್ನು ಕೆಳಗೆ ವಸೂಲಿ ಮಾಡಬೇಕು ಎಂಬುದು ತಾಲ್ಲೂಕು ಕಟ್ಟೆಯ ಮೇಲೆ ಕುಳಿತ ಎಲ್ಲರಿಗೂ ಗೊತ್ತಿರುವ ಮಾತು. ಹಾಗಿದ್ದರೆ ದೊಡ್ಡಮ್ಮನನ್ನು ಅಲೆಸಿದವನೂ ಅವಳನ್ನು ಕಾಪಾಡಿದವನೂ ಎಷ್ಟು ದೂರದವರು? ಅರ್ಜಿ ತನ್ನಷ್ಟಕ್ಕೆ ಮುಂದೆ ಹೋಗತೊಡಗಿದರೆ ಆ ಫೋನಿಗೆ ಬೆಲೆಯೆಲ್ಲಿ, ಆ ಪಟಕ್ಕೆ ಮೊಳೆಯೆಲ್ಲಿ? ಕಚೇರಿ ಕೆಟ್ಟಿರುವುದರಲ್ಲಿ ನಾಯಕರಿಗೆ ಲಾಭವಿದೆ. ನಮ್ಮ ಪ್ರೀತಿಯ ಬೇರು ಅಲ್ಲಿದೆ, ಅದಕ್ಕೇ ಹಗರಣದ ಸುದ್ದಿ ಬಂದರೆ ಆ ಪ್ರೀತಿ ಒಣಗುವುದಿಲ್ಲ.

ದಾರಿಗಳು ಇಲ್ಲವೆಂದಲ್ಲ. ಪಹಣಿಯನ್ನು ಭೂಮಿ ಯೋಜನೆ ಕಂಪ್ಯೂಟರಿಗೆ ತಂದಾಗ ಕೈಬರಹದ ಪಹಣಿಗಾಗಿ ಕಾಡುವುದು ನಿಂತಿತು, ಅದು ಸಣ್ಣದಲ್ಲ. ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕೆನ್ನುವ ಸಕಾಲ 2012ರಿಂದ ಇದೆ: ಗಡುವು ಮೀರಿದರೆ ದಿನಕ್ಕೆ ₹20ರಂತೆ, ಹೆಚ್ಚೆಂದರೆ ₹500 ಪರಿಹಾರ. ದೊಡ್ಡಮ್ಮ ಅದರ ಹೆಸರನ್ನೇ ಕೇಳಿರಲಿಲ್ಲ. ವಿವರಿಸಿದಾಗ, ‘ಅದನ್ನು ಕೊಟ್ಟವರು ಯಾರು?’ ಎಂದಳು. ಕಾಯ್ದೆ ಎಂದೆ. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಲೋಕಾಯುಕ್ತದ ಮಾತು ನನಗಿಂತ ನಿನಗೇ ಚೆನ್ನಾಗಿ ಗೊತ್ತು. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಮಾಡಿ ಅದರ ಹಲ್ಲು ಕಿತ್ತರು, 2022ರಲ್ಲಿ ಹೈಕೋರ್ಟ್ ಆ ಎಸಿಬಿಯನ್ನೇ ರದ್ದು ಮಾಡಿತು. ಪಕ್ಷಗಳು ಬದಲಾದರೂ ಹಲ್ಲಿರುವ ಲೋಕಾಯುಕ್ತ ಬೇಕೆಂದು ಹಂಬಲಿಸಿದ ಸರ್ಕಾರವನ್ನು ನಾನು ನೋಡಿಲ್ಲ.

ಪಟ ತೆಗೆಯಿರಿ ಎಂದು ಅವಳಿಗೆ ಹೇಳಬೇಡ. ಆ ಕುರ್ಚಿಯ ನೆನಪಿಗೆ ಬದಲಾಗಿ ನೀನು ಕೊಡಬಲ್ಲದ್ದು ಸದ್ಯ ಏನೂ ಇಲ್ಲ. ಅವಳ ಜಮೀನಿನ ಪೋಡಿ, ಅಂದರೆ ಅಳತೆ ಮಾಡಿ ಪಾಲು ಬೇರ್ಪಡಿಸುವ ಕೆಲಸ, ಇನ್ನೂ ಬಾಕಿ ಇದೆ. ಈ ಸಲ ಫೋನ್ ಬೇಡ, ನೋಡೋಣ ಎಂದು ನಾನೇ ಜೊತೆಗೆ ಹೋಗಿ ಅರ್ಜಿ ಕೊಡಿಸಿ, ಸ್ವೀಕೃತಿ ಪಡೆದು, ಅದರ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿದ್ದೇನೆ. ‘ಆಗದಿದ್ದರೆ ಅವರಿಗೇ ಹೇಳುತ್ತೇನೆ’ ಎಂದು ಅವಳು ಎಚ್ಚರಿಕೆಯನ್ನೂ ಕೊಟ್ಟಿದ್ದಾಳೆ. ಗಡುವು ದಾಟಿದರೆ ಮೇಲ್ಮನವಿ ಯಾರಿಗೆ, ಯಾವ ನಮೂನೆಯಲ್ಲಿ ಹಾಕಬೇಕು, ಎಷ್ಟು ದಿನದೊಳಗೆ ಎಂಬುದನ್ನು ಅವಳೇ ಓದಿಕೊಳ್ಳುವಷ್ಟು ಸರಳ ಕನ್ನಡದಲ್ಲಿ ಬರೆದು ಕಳುಹಿಸು. ಕಲಮುಗಳ ಸಂಖ್ಯೆ ಬೇಡ.

ನಿನ್ನ,
ಅಪ್ಪ