ಇಂಟ್ ಮುಗಿಯುವ ಸಂಖ್ಯೆ ಅಷ್ಟೇ ಅಲ್ಲ ಅದು

ಜಯನಗರ, ಬೆಂಗಳೂರು

ಪ್ರೀತಿಯ ಪುಟ್ಟಾ,

ಮೊನ್ನೆ ಫೋನಿನಲ್ಲಿ ನೀನು ಅಂದದ್ದು ಇನ್ನೂ ತಲೆಯಲ್ಲೇ ಇದೆ. 2147483647 ಅಂದರೆ ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇಂಟ್, ಅಂದರೆ ಪೂರ್ಣಾಂಕ ಇಡುವ ಜಾಗ, ಮುಗಿಯುವ ಸಂಖ್ಯೆ, ಅಷ್ಟೇ ದೊಡ್ಡಮ್ಮ, ಅಂದುಬಿಟ್ಟೆ. ಅಷ್ಟೇ ಅಲ್ಲ ಕಣೋ.

31 ಎರಡುಗಳನ್ನು ಗುಣಿಸಿ ಒಂದು ಕಳೆದರೆ ಅದು ಬರುತ್ತದೆ. ಅದು ಅವಿಭಾಜ್ಯ ಸಂಖ್ಯೆ ಅಂತ ಗಣಿತಜ್ಞ ಆಯ್ಲರ್ ತೋರಿಸಿದ್ದು 1772ರಲ್ಲಿ ಹೊರಬಂತು, ಆಗ ಅವನಿಗೆ ಕಣ್ಣು ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ.

ನೀನಾದರೆ ಏನು ಮಾಡುತ್ತೀಯ? 2ರಿಂದ ಶುರು ಮಾಡಿ ವರ್ಗಮೂಲದವರೆಗೆ, ಅಂದರೆ 46340ರವರೆಗೆ, ಭಾಗಿಸುತ್ತಾ ಹೋಗುವ ಲೂಪ್ ಬರೆಯುತ್ತೀಯ. ಕ್ಷಣದಲ್ಲಿ ಉತ್ತರ ಬರುತ್ತದೆ, ಯೋಚನೆ ಅಲ್ಲಿಗೇ ನಿಲ್ಲುತ್ತದೆ. ನನಗೆ ಬೇಜಾರಾಗುವುದು ಅದಕ್ಕೇ. ಆಯ್ಲರ್ ಮೊದಲು ಕೇಳಿಕೊಂಡದ್ದು, ಇದನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆ ಒಂದಿದ್ದರೆ ಅದು ಹೇಗಿರಬೇಕು ಅಂತ. ಫರ್ಮಾ ಪ್ರಮೇಯ ನಿನಗೆ ಗೊತ್ತಲ್ವಾ, 2 ಬಿಟ್ಟು ಯಾವ ಅವಿಭಾಜ್ಯ ಸಂಖ್ಯೆ ತಗೊಂಡರೂ, ಅದಕ್ಕಿಂತ ಒಂದು ಕಡಿಮೆ ಇರುವ 2ರ ಘಾತವನ್ನು ಅದರಿಂದ ಭಾಗಿಸಿದಾಗ 1 ಉಳಿಯುತ್ತದೆ ಅನ್ನುವುದು, ಅದನ್ನು ಹಾಕಿದರೆ ಆ ಭಾಜಕವನ್ನು 62ರಿಂದ, ಅಂದರೆ 31ರ ಎರಡರಷ್ಟರಿಂದ, ಭಾಗಿಸಿದಾಗ 1 ಉಳಿಯಲೇಬೇಕು. ಇನ್ನೊಂದು ವಿಷಯ ನನಗೆ ಇನ್ನೂ ಜಾಸ್ತಿ ಇಷ್ಟ. 2ರ 32ನೇ ಘಾತವನ್ನು ಆ ಭಾಜಕದಿಂದ ಭಾಗಿಸಿದರೆ 2 ಉಳಿಯುತ್ತದೆ, ಆದರೆ 32ನೇ ಘಾತ ಅಂದರೆ 16ನೇ ಘಾತದ ವರ್ಗ, ಹಾಗಾಗಿ ಅಲ್ಲಿ 2 ಒಂದು ವರ್ಗದ ಶೇಷವಾಯಿತು, ಅದು ಆಗಬೇಕಾದರೆ ಆ ಭಾಜಕವನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು. ಎರಡನ್ನೂ ಸೇರಿಸು: 248ರಿಂದ ಭಾಗಿಸಿದರೆ 1 ಅಥವಾ 63. ಅಂಥ ಸಂಖ್ಯೆಗಳು 46340ರ ಒಳಗೆ ಸುಮಾರು 370 ಇವೆ, ಅವುಗಳಲ್ಲೂ ಅವಿಭಾಜ್ಯ ಆಗಿರುವುದು ಬರೀ 84. ಕೈಯಲ್ಲೇ ಮಾಡಬಹುದು!

ನಿನ್ನ ಕಂಪ್ಯೂಟರಿಗೂ ಇದು ಬೇಕಾದ ಸಂಖ್ಯೆಯೇ. 1ರಿಂದ ಶುರು ಮಾಡಿ ಪ್ರತಿ ಸಲ 16807ರಿಂದ ಗುಣಿಸಿ, ಇದರಿಂದ ಭಾಗಿಸಿ ಶೇಷ ಇಟ್ಟುಕೊಳ್ಳುತ್ತಾ ಹೋದರೆ, 1ರಿಂದ 2147483646ರವರೆಗಿನ ಒಂದು ಸಂಖ್ಯೆಯೂ ಬಿಡದೆ ಎಲ್ಲಾ ಬಂದ ಮೇಲೆಯೇ ಮತ್ತೆ 1 ಬರುವುದು. ರ‍್ಯಾಂಡಮ್ ಸಂಖ್ಯೆಗಳಿಗೆ ಇದನ್ನು ಎಷ್ಟೋ ವರ್ಷ ಬಳಸಿದ್ದಾರೆ.

ಅದಕ್ಕೇ ಹೇಳುತ್ತೇನೆ, ಲೂಪ್ ಬರೆಯುವ ಮುಂಚೆ ಹಾಳೆ ಪೆನ್ನು ತಗೊಂಡು ಸ್ವಲ್ಪ ಹೊತ್ತು ಕೂತುಕೋ. ಸಿಲಬಸ್‌ನಲ್ಲಿ ಇಲ್ಲ ಅಂತ ಸುಮ್ನೆ ಬಿಡಬೇಡ. ಚಿಕ್ಕದರಿಂದಲೇ ಶುರು ಮಾಡು. 11 ಅವಿಭಾಜ್ಯ, ಆದರೆ 2ರ 11ನೇ ಘಾತದಲ್ಲಿ ಒಂದು ಕಳೆದ 2047 ಅಲ್ಲ, 23 ಗುಣಿಸು 89. ಇದೇ ನಿಯಮ ಹಾಕಿದರೆ ಪರೀಕ್ಷೆ ಮಾಡಬೇಕಾದ ಮೊದಲ ಸಂಖ್ಯೆಯೇ 23.

ಆಮೇಲೆ 13ನೇ ಘಾತದ್ದು, 8191. ಅದು ಅವಿಭಾಜ್ಯ ಅಂತ ತೋರಿಸಲು ಒಂದೇ ಒಂದು ಭಾಗಾಕಾರ ಸಾಕು. ಯಾವುದರಿಂದ ಅಂತ ನಾನು ಹೇಳಲ್ಲ. ಭಾನುವಾರ ಮೆಜೆಸ್ಟಿಕ್‌ನಲ್ಲಿ ಗ್ರೀನ್ ಲೈನ್ ಹತ್ತಿ ಮನೆಗೆ ಬಾ, ಊಟಕ್ಕೆ ಮುಂಚೆ ನೀನೇ ಬಿಡಿಸಿ ತೋರಿಸು.

ನಿನ್ನ
ದೊಡ್ಡಮ್ಮ