ಮಗಳಿಗೊಂದು ಪತ್ರ: ಎರಡೂ ಬಲಗೈ ತೋಳು

ಪುಟ್ಟಿ,

ನೀನು ಮಲಗಿದ್ದೀಯ. ಅಪ್ಪನಿಗೆ ಪೀಣ್ಯದಲ್ಲಿ ನೈಟ್ ಶಿಫ್ಟ್. ನಾಳೆ ಕೊಡಬೇಕಾದ ಎರಡು ಬ್ಲೌಸಿಗೆ ಹುಕ್ಸ್ ಹಾಕಿ ಮುಗಿಸಿದೆ, ಆದರೂ ನಿದ್ದೆ ಬರಲಿಲ್ಲ, ನಿನ್ನ ರಫ್ ನೋಟ್‌ಬುಕ್ಕಿನ ಕೊನೆ ಹಾಳೆ ಹರಿದುಕೊಂಡು ಬರೆಯಲು ಕೂತೆ. ಬೈಯಬೇಡ, ಖಾಲಿ ಹಾಳೆನೇ.

ಮುಂದಿನ ಶನಿವಾರ ನವೋದಯ ಶಾಲೆಗೆ ಸೇರುವ ಪರೀಕ್ಷೆ. ಎದುರಿಗೆ ಕೂರಿಸಿಕೊಂಡು ಹೇಳೋಣ ಅಂದರೆ ಮಾತಿನ ಮಧ್ಯೆ ನಾನು ಮತ್ತೆ ಮಗ್ಗಿ ಕೇಳಲು ಶುರು ಮಾಡುತ್ತೇನೆ. ನನಗೇ ಗೊತ್ತು.

ಮೊದಲು ಆ ಭಾನುವಾರದ ವಿಷಯ. ಟ್ಯೂಷನ್‌ನಲ್ಲಿ ಮಾದರಿ ಪರೀಕ್ಷೆ ಮಾಡಿ, 80 ಪ್ರಶ್ನೆಗೆ 34 ಸರಿ ಅಂತ ಕೆಂಪು ಇಂಕಿನಲ್ಲಿ ಬರೆದು ಕಳಿಸಿದ್ದರಲ್ಲ, ಅದನ್ನು ನೋಡಿದ್ದೇ ತಡ ಸುಂಕದಕಟ್ಟೆ ಬಸ್ ಸ್ಟಾಪಿನಲ್ಲಿ ಅಷ್ಟು ಜನರ ಎದುರು ನಿನ್ನನ್ನು ಬೈದೆ. 12 ಸಾವಿರ ಕಟ್ಟಿದ್ದೀನಿ, ಅದಕ್ಕೆ ಎಷ್ಟು ಬ್ಲೌಸ್ ಹೊಲಿಯಬೇಕು ಗೊತ್ತಾ ಅಂದೆ. ನೀನು ಅಳಲಿಲ್ಲ. ಚಪ್ಪಲಿ ಬಾರನ್ನೇ ನೋಡುತ್ತಾ ನಿಂತಿದ್ದೆ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ರಾತ್ರಿ ನಿನ್ನ ಪ್ರಶ್ನೆಪತ್ರಿಕೆ ಮತ್ತು ಉತ್ತರದ ಗುಂಡು ತುಂಬುವ ಆ ಓಎಂಆರ್ ಶೀಟು ಎರಡನ್ನೂ ಕಟಿಂಗ್ ಟೇಬಲ್ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆ. ಪತ್ರಿಕೆಯಲ್ಲಿ ಪೆನ್ಸಿಲಿನಿಂದ ನೀನು ಸುತ್ತು ಹಾಕಿದ್ದ ಉತ್ತರಗಳು ಬೇರೆ, ಶೀಟಿನಲ್ಲಿ ತುಂಬಿದ್ದು ಬೇರೆ. 23ನೇ ಪ್ರಶ್ನೆ ಆಮೇಲೆ ಮಾಡೋಣ ಅಂತ ಬಿಟ್ಟಿದ್ದೀಯ, 24ರ ಉತ್ತರವನ್ನು 23ರ ಜಾಗದಲ್ಲಿ ತುಂಬಿದ್ದೀಯ, ಅಲ್ಲಿಂದ ಕೊನೆಯವರೆಗೂ ಎಲ್ಲ ಒಂದೊಂದು ಮನೆ ಮೇಲಕ್ಕೆ. ಅಂಗಿಯ ಒಂದು ಗುಂಡಿ ತಪ್ಪು ಕಾಜಕ್ಕೆ ಹೋದರೆ ಕೆಳಗಿನವೆಲ್ಲ ತಪ್ಪುತ್ತವಲ್ಲ, ಹಾಗೆ. ಕೊನೆಗೆ 80ರ ಸಾಲು ಖಾಲಿ ಉಳಿದಿತ್ತು. ಪೆನ್ಸಿಲ್ ಸುತ್ತುಗಳನ್ನು ಲೆಕ್ಕ ಹಾಕಿದರೆ 57 ಸರಿ. ಒಂದಕ್ಕೆ ಒಂದೂಕಾಲು ಮಾರ್ಕ್ಸ್, ಅಂದರೆ 71.25. ನಾನು ಬೈದದ್ದು 42.5ಕ್ಕೆ.

ಬೆಳಿಗ್ಗೆ ನಿನಗೆ ಇದನ್ನು ತೋರಿಸಿದೆ. ತಪ್ಪಾಯ್ತು ಅಂತ ಮಾತ್ರ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ತಪ್ಪಾಯ್ತು ಪುಟ್ಟಿ.

ನನ್ನದೊಂದು ಕಥೆ ಕೇಳು, ಅಪ್ಪನಿಗೂ ಪೂರ್ತಿ ಗೊತ್ತಿಲ್ಲ. ನೀನು ಹುಟ್ಟುವ ಮೊದಲು ಒಂದು ಟೈಲರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಮದುವೆ ಹುಡುಗಿಯ ರೇಷ್ಮೆ ಬ್ಲೌಸ್. ಬಟ್ಟೆ ಮಡಚದೆ ಒಂದೇ ಪದರದಲ್ಲಿ ಹಾಸಿ ಒಂದು ತೋಳು ಕತ್ತರಿಸಿದೆ, ಅದೇ ಪ್ಯಾಟರ್ನನ್ನು ಪಕ್ಕದಲ್ಲಿ ಹಾಗೇ ಇಟ್ಟು ಇನ್ನೊಂದು ಕತ್ತರಿಸಿದೆ. ಹೊಲಿಯಲು ಕೂತಾಗ ಗೊತ್ತಾಯಿತು, ಎರಡೂ ಬಲಗೈ ತೋಳು! ಉಳಿದ ಬಟ್ಟೆ ಇಲ್ಲ. ಅಂಗಡಿಯಾತ ಒಂದು ನಿಮಿಷ ಸುಮ್ಮನಿದ್ದ, ಮೊದಲು ಟೀ ಕುಡಿ ಅಂದ, ಆಮೇಲೆ ಅದೇ ಬಣ್ಣದ ಬಟ್ಟೆ ಹುಡುಕಿಕೊಂಡು ಬಾ ಅಂತ ಚಿಕ್ಕಪೇಟೆಗೆ ಕಳಿಸಿದ. ಮೂರು ಗಂಟೆ ಸುತ್ತಿದೆ. ಸಂಬಳದಲ್ಲಿ ದುಡ್ಡು ಹಿಡಿದುಕೊಂಡ, ಅದು ಬೇರೆ ಮಾತು. ಬಸ್ ಸ್ಟಾಪಿನಲ್ಲಿ ಆ ಟೀ ನನಗೆ ನೆನಪಾಗಲಿಲ್ಲ ನೋಡು.

ಅವತ್ತಿನಿಂದ ಬಟ್ಟೆಯನ್ನು ಮುಖಕ್ಕೆ ಮುಖ ಮಡಚಿ ಎರಡು ತೋಳೂ ಒಟ್ಟಿಗೇ ಕತ್ತರಿಸುತ್ತೇನೆ. ನಿನ್ನ ಕನ್ನಡಿ ಬಿಂಬದ ಪ್ರಶ್ನೆಗಳು ಇದೇ ಅಲ್ವಾ? ಅವೆನ್ಯೂ ರೋಡಿನಿಂದ ಹಳೇ ಪ್ರಶ್ನೆಪತ್ರಿಕೆ ತಂದ ದಿನ ನನಗೆ ಭಯವೇ ಆಗಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಬಿಟ್ಟು ಓಡಿದವಳು ನಾನು. ಅಂಕಗಣಿತದ 20 ಪ್ರಶ್ನೆಯಲ್ಲಿ ಲಸಾಅ, ಬಡ್ಡಿ ಅಂತ ಬಂದರೆ ಈಗಲೂ ಅಡುಗೆಮನೆಗೆ ಹೋಗಿಬಿಡುತ್ತೇನೆ. ಆದರೆ ಮಾನಸಿಕ ಸಾಮರ್ಥ್ಯದ 40 ಪ್ರಶ್ನೆ, 50 ಮಾರ್ಕ್ಸ್, ಅರ್ಧ ಪರೀಕ್ಷೆ ಅದೇ. ಅದರಲ್ಲಿ ಕಾಗದ ಮಡಚಿ ತೂತು ಮಾಡಿ, ಬಿಚ್ಚಿದರೆ ಹೇಗೆ ಕಾಣುತ್ತದೆ ಅಂತ ಕೇಳುತ್ತಾರಲ್ಲ, ನೀನು ಎರಡು ದಿನ ಅದರ ಮುಂದೆ ಮುಖ ಊದಿಸಿಕೊಂಡು ಕೂತಿದ್ದೆ. ನಾನು ಪೇಪರ್ ನಾಲ್ಕು ಮಡಿಕೆ ಮಾಡಿ, ಬ್ಲೌಸಿನ ಬೆನ್ನಿಗೆ ಕತ್ತು ತೆಗೆಯುವ ಹಾಗೆ ಮಡಿಕೆ ಕಡೆ ಒಂದು ಕಚ್ಚು ಹಾಕಿ, ಬಿಚ್ಚುವ ಮೊದಲು ಹೇಳು ಅಂದೆ. ಐದನೇ ಸಲಕ್ಕೆ ನೀನು ಬಿಚ್ಚದೆಯೇ ಹೇಳಿದೆ. ಆ ದಿನ ಇಬ್ಬರಿಗೂ ಎಷ್ಟು ಖುಷಿಯಾಗಿತ್ತು ಅಂದರೆ ಅನ್ನ ಸೀದುಹೋಗಿತ್ತು.

ಭಾಷೆಯ ಭಾಗದ ಬಗ್ಗೆ ನನಗೆ ಚಿಂತೆಯಿಲ್ಲ. ನಾನು ಪ್ಯಾಟರ್ನ್ ಕತ್ತರಿಸಿದ ಹಳೇ ಪೇಪರನ್ನೆಲ್ಲ ಓದುವವಳು ನೀನು, ಕಂಕುಳ ಕತ್ತರಿಸಿದ ಕಡೆ ಸುದ್ದಿ ಅರ್ಧಕ್ಕೇ ನಿಂತಿದ್ದರೆ ಉಳಿದದ್ದನ್ನು ನೀನೇ ಕಟ್ಟಿ ಹೇಳುತ್ತೀಯ. ಪರೀಕ್ಷೆಯಲ್ಲಿ ಹಾಗೆ ಮಾಡಬೇಡ! ಅಲ್ಲಿ ಕೊಟ್ಟ ನಾಲ್ಕು ಗದ್ಯದಲ್ಲೇ ಉತ್ತರ ಇರುತ್ತದೆ.

ಈಗ ದೊಡ್ಡವಳ ಹಾಗೆ ಕೂತು ಓದು. ಒಂದು ನವೋದಯದಲ್ಲಿ ಆರನೇ ಕ್ಲಾಸಿಗೆ ತೆಗೆದುಕೊಳ್ಳುವುದು ಹೆಚ್ಚೆಂದರೆ 80 ಮಕ್ಕಳನ್ನು. ಅದರಲ್ಲಿ ಮುಕ್ಕಾಲು ಪಾಲು ಹಳ್ಳಿ ಮಕ್ಕಳಿಗೆ, ಅದು ನ್ಯಾಯವೇ, ಅದಕ್ಕೆಂದೇ ಆ ಶಾಲೆ ಕಟ್ಟಿದ್ದು. ನಮ್ಮ ಹಾಗೆ ಸಿಟಿಯಲ್ಲಿರುವವರಿಗೆ ಉಳಿಯುವುದು 20ರೊಳಗೆ. ಆರನೇ ಕ್ಲಾಸಿನ ಈ ಪರೀಕ್ಷೆಯನ್ನು ಇನ್ನೊಂದು ಸಲ ಬರೆಯಲು ಬಿಡುವುದಿಲ್ಲ, ಒಂಬತ್ತಕ್ಕೆ ಖಾಲಿ ಸೀಟಿದ್ದರೆ ಬೇರೆ ಪರೀಕ್ಷೆ ಇದೆ. ಟ್ಯೂಷನ್‌ನವರು ಇದನ್ನೆಲ್ಲ ನಮಗೆ ಬಿಡಿಸಿ ಹೇಳಲಿಲ್ಲ, ದುಡ್ಡು ಕಟ್ಟಿದ ಮೇಲೆ ನಾನೇ ಕೇಳಿ ತಿಳಿದುಕೊಂಡೆ. ಆಗದಿದ್ದರೆ ಮೊರಾರ್ಜಿ ವಸತಿ ಶಾಲೆಯ ಪರೀಕ್ಷೆ ಇದೆ, ಅದೂ ಆಗದಿದ್ದರೆ ನಿನ್ನ ಶಾಲೆ ಇದ್ದೇ ಇದೆ, ನಿನ್ನ ಬೆಂಚ್ ಇದೆ.

ಇನ್ನೊಂದು ಹೇಳಬೇಕು. ಸೀಟು ಸಿಕ್ಕರೆ ನೀನು ಹಾಸ್ಟೆಲ್ಲಿಗೆ ಹೋಗುತ್ತೀಯ. ಊಟ, ಪುಸ್ತಕ, ಬಟ್ಟೆ ಎಲ್ಲ ಅಲ್ಲೇ, 12ನೇ ಕ್ಲಾಸಿನವರೆಗೆ. ಒಂಬತ್ತರಲ್ಲಿ ಕೆಲವು ಮಕ್ಕಳನ್ನು ಒಂದು ವರ್ಷ ಹಿಂದಿ ರಾಜ್ಯದ ನವೋದಯಕ್ಕೆ ಕಳಿಸುತ್ತಾರಂತೆ ಅಂತ ಅಪ್ಪ ಹೇಳಿದ್ದಕ್ಕೆ ಅಜ್ಜಿ ಫೋನಿನಲ್ಲೇ ಅತ್ತರು. ನಾನು ಅಜ್ಜಿಗೆ ಬೈದೆ. ಆದರೆ ಪುಟ್ಟಿ, ನಿನಗೆ ಮಡಿಕೆ ಬಿಚ್ಚುವುದು ಹೇಳಿಕೊಡುವಾಗೆಲ್ಲ ನನ್ನ ಮನಸ್ಸಿನ ಒಂದು ಮೂಲೆಯಲ್ಲಿ ಇವಳಿಗೆ ಸಿಗದೇ ಇರಲಿ ಅಂತಲೂ ಇತ್ತು. ಜಾಸ್ತಿ ಹೊತ್ತಲ್ಲ. ಇತ್ತು. ಆ ಬೈಗುಳದಲ್ಲಿ ಅದರ ಸಿಟ್ಟೂ ಸೇರಿತ್ತೇನೋ, ಗೊತ್ತಿಲ್ಲ. ಸಿಕ್ಕರೆ ಟ್ರಂಕಿಗೆ ನಾನೇ ಹೆಸರು ಬರೆಸಿ ತರುತ್ತೇನೆ.

ಶನಿವಾರ ಹನ್ನೊಂದೂವರೆಗೆ ಪರೀಕ್ಷೆ ಶುರು. ಹಾಲ್ ಟಿಕೆಟ್, ಎರಡು ಬಾಲ್ ಪೆನ್, ನೀರು ನನ್ನ ಬ್ಯಾಗಿನಲ್ಲಿ ಇಟ್ಟಿದ್ದೇನೆ. ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಳೆಯುವುದಿಲ್ಲ, ಗೊತ್ತಾಗದಿದ್ದರೂ ಒಂದು ತುಂಬು. ಒಂದೊಂದು ಉತ್ತರಕ್ಕೂ ಪ್ರಶ್ನೆಯ ನಂಬರಿನ ಮೇಲೆ ಎಡಗೈ ಬೆರಳಿಟ್ಟುಕೋ, ಅಷ್ಟೇ.

ನಾನು ಗೇಟಿನ ಹೊರಗೆ ಕೂತಿರುತ್ತೇನೆ. ಫಾಲ್ ಹಚ್ಚಲು ಒಂದು ಸೀರೆ ತರುತ್ತೇನೆ, ಎರಡು ಗಂಟೆಯಲ್ಲಿ ಮುಗಿಯುತ್ತದೆ. ನೀನು ಬಂದಾಗ ಎಷ್ಟು ಬರೆದೆ ಅಂತ ಕೇಳುವುದಿಲ್ಲ. ಕೇಳಿದರೆ ಸೂಜಿ ಅಲ್ಲೇ ಇರುತ್ತದೆ, ಚುಚ್ಚು.

ಅಮ್ಮ