ಶಿರಾಡಿ ಬಂದ್ ಆದರೆ ಹಾಸನದಲ್ಲೇ ಹೇಳಿ

ಮಾನ್ಯರೇ,

ಮಳೆಗಾಲ ಬಂತೆಂದರೆ ನಮ್ಮ ಕಡೆ ಊರಿಗೆ ಹೊರಡುವವರು ಮೊದಲು ಕೇಳೋದು ‘ಶಿರಾಡಿ ಓಪನ್ ಇದೆಯಾ’ ಅಂತ. ರಾಷ್ಟ್ರೀಯ ಹೆದ್ದಾರಿ 75 ವೆಲ್ಲೂರಿನಿಂದ ಹೊರಟು ಕೋಲಾರ, ಬೆಂಗಳೂರು, ಕುಣಿಗಲ್, ಹಾಸನ ದಾಟಿ, ಸಕಲೇಶಪುರದಾಚೆ ಶಿರಾಡಿ ಘಾಟಿ ಇಳಿದು ಬಂಟ್ವಾಳ ಸೇರುತ್ತದೆ. ಇಷ್ಟುದ್ದದ ದಾರಿಯಲ್ಲಿ ದೋಣಿಗಲ್‌ನಿಂದ ಗುಂಡ್ಯದವರೆಗಿನ ಒಂದು ತುಂಡು ಕೈಕೊಟ್ಟರೆ ಸಾಕು, ಮಂಗಳೂರಿನ ಗ್ಯಾಸ್ ಟ್ಯಾಂಕರು, ಮೀನಿನ ಲಾರಿ, ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೊರಟವರು, ಆಂಬುಲೆನ್ಸ್ ಎಲ್ಲ ನಿಂತಲ್ಲೇ ನಿಲ್ಲಬೇಕು.

2018ರ ಆಗಸ್ಟ್‌ನಲ್ಲಿ ಶಿರಾಡಿಯ ಜೊತೆಗೆ ಮಡಿಕೇರಿ ಕಡೆಯ ಸಂಪಾಜೆ ಘಾಟಿಯೂ ಬಂದ್ ಆಯಿತು. 2024ರ ಜುಲೈನಲ್ಲಿ ಶಿರಾಡಿಯ ದೊಡ್ಡತಪ್ಲೆ ಹತ್ತಿರ ಗುಡ್ಡ ಜಾರಿತು. ಅದೇ ತಿಂಗಳು ಎಡಕುಮೇರಿ ಕಡೆ ರೈಲು ಹಳಿಯ ಕೆಳಗಿನ ಮಣ್ಣೂ ಕುಸಿಯಿತು. ಬಸ್ಸೂ ಇಲ್ಲ, ರೈಲೂ ಇಲ್ಲ.

ಕೇಳಿದರೆ ಮಳೆ ಜಾಸ್ತಿ ಅನ್ನುತ್ತಾರೆ. ಪಶ್ಚಿಮ ಘಟ್ಟದಲ್ಲಿ ಮಳೆ ಜಾಸ್ತಿ ಆಗದೆ ಇನ್ನೆಲ್ಲಿ ಆಗಬೇಕು? ರಸ್ತೆ ಅಗಲ ಮಾಡಲು ಗುಡ್ಡವನ್ನು ಗೋಡೆಯ ಹಾಗೆ ನೇರಕ್ಕೆ ಕಡಿದಿದ್ದಾರೆ. ಜುಲೈನಲ್ಲಿ ಅಲ್ಲಿ ನಿಂತು ನೋಡಿ, ಕಡಿದ ಕೆಂಪು ಮಣ್ಣಿನ ನಡುವಿನಿಂದಲೇ ಒರತೆ ನೀರು ಜಿನುಗುತ್ತಿರುತ್ತದೆ, ಮೇಲೆ ಬೇರು ಹೊರಬಿದ್ದ ಮರಗಳು ರಸ್ತೆ ಕಡೆಗೆ ವಾಲಿರುತ್ತವೆ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಮೇಲೆ ಬಿದ್ದ ನೀರು ಪಕ್ಕಕ್ಕೆ ಹರಿದುಹೋಗುವಂತೆ ಚರಂಡಿ ಮಾಡಿ, ಬುಡಕ್ಕೆ ಗಟ್ಟಿ ತಡೆಗೋಡೆ ಕಟ್ಟುವ ಕೆಲಸ ಬೇಸಿಗೆಯಲ್ಲೇ ಮುಗಿಯಬೇಕು. ಮಣ್ಣು ಬಿದ್ದ ಮೇಲೆ ಜೆಸಿಬಿ ತಂದು ಬಾಚುವುದನ್ನು ದುರಸ್ತಿ ಅಂತ ಕರೆಯಬೇಡಿ.

ಇನ್ನೊಂದು ಕೆಲಸಕ್ಕಂತೂ ಹೆಚ್ಚು ದುಡ್ಡೂ ಬೇಡ. ಕಳೆದೊಂದು ಮಳೆಗಾಲದಲ್ಲಿ ನಾವಿದ್ದ ಬಸ್ಸು ಸಕಲೇಶಪುರ ದಾಟಿದ ಮೇಲೆ ಮುಂದೆ ಬಂದ್ ಅಂತ ಗೊತ್ತಾಯಿತು. ರಾತ್ರಿಯಿಡೀ ಲಾರಿಗಳ ನಡುವೆ ಸಿಕ್ಕಿಕೊಂಡೆವು, ಪಕ್ಕದ ಸೀಟಿನ ತಾಯಿ ಮಗುವಿನ ಹಾಲಿಗೆ ಬಿಸಿನೀರು ಕೇಳುತ್ತಾ ಮಳೆಯಲ್ಲೇ ಒಂದೊಂದು ಬಸ್ಸು ಹತ್ತಿ ಇಳಿದರು. ಹಾಸನದಲ್ಲೇ ಹೇಳಿದ್ದರೆ ಬೇಲೂರು, ಮೂಡಿಗೆರೆ ಮೇಲೆ ಚಾರ್ಮಾಡಿ ಘಾಟಿ ಇಳಿಯಬಹುದಿತ್ತು ಅಲ್ವಾ? ಮಂಗಳೂರಿನಿಂದ ಬರುವವರಿಗೂ ಅಷ್ಟೇ, ಬಿ.ಸಿ. ರೋಡಿನಲ್ಲಿ ಚಾರ್ಮಾಡಿ ದಾರಿ ಸಿಗುತ್ತದೆ, ಮಾಣಿಯಲ್ಲಿ ಮಡಿಕೇರಿ ದಾರಿ. ಗುಂಡ್ಯಕ್ಕೆ ಬಂದ ಮೇಲೆ ಹೇಳಿದರೆ ಹೆಚ್ಚಿನವರು ವಾಪಸ್ಸೇ ಹೋಗಬೇಕು.

ಹಾಸನ, ಬಿ.ಸಿ. ರೋಡ್, ಮಾಣಿ, ಈ ಮೂರು ಕಡೆ ದೊಡ್ಡ ಬೋರ್ಡ್ ಹಾಕಿ, ಘಾಟಿ ತೆರೆದಿದೆಯೋ ಇಲ್ಲವೋ, ಲಾರಿಗಳಿಗೆ ಬಿಡುತ್ತಾರೋ ಇಲ್ಲವೋ ಅಂತ ಗಂಟೆಗೊಮ್ಮೆ ತಿಳಿಸಿ. ಹಾಸನ ಮತ್ತು ದಕ್ಷಿಣ ಕನ್ನಡದ ಜಿಲ್ಲಾಡಳಿತಗಳು ಕೂತು ಮಾತಾಡಿ ಮೇ ತಿಂಗಳೊಳಗೆ ಇದನ್ನು ಮಾಡಬೇಕು.

– ಓದುಗ, ಸಕಲೇಶಪುರ